ಶಾಖ ಕವಚದ ಸಿಮ್ಯುಲೇಷನ್: ತಾಪಮಾನದ ಗೆರೆಗಿಂತ ಮೊದಲು ಅನಿಲದ ಲೆಕ್ಕ ನೋಡಿ

ನೌಕೆಯ ಶಾಖ ಕವಚದ ಲೆಕ್ಕ ಕಲಿಯುವವರಿಗೆ ನಾನು ಮೊದಲು ಕೊಡುವುದು ಟ್ಯಾಕಾಟ್. ಇದು ಕಾಗದದ ಮೇಲಷ್ಟೇ ಇರುವ ವಸ್ತು: ಕಾರ್ಬನ್ ನಾರು, ಫೀನಾಲಿಕ್ ರಾಳ, ಉಳಿದ ಶೇ. 80 ಬರೀ ಖಾಲಿ ಜಾಗ. ಸ್ಟಾರ್‌ಡಸ್ಟ್, ಕ್ಯೂರಿಯಾಸಿಟಿ ನೌಕೆಗಳನ್ನು ಕಾಪಾಡಿದ ಪೈಕಾ ಎಂಬ ಕವಚ ವಸ್ತುವಿಗೆ ಹತ್ತಿರದ್ದು, ಆದರೆ ಅಂಕಿಗಳೆಲ್ಲ ಮುಕ್ತ. ಸಾಫ್ಟ್‌ವೇರ್, ಓಪನ್‌ಫೋಮ್ ಎಂಬ ಮುಕ್ತ ಸಿಮ್ಯುಲೇಷನ್ ತಂತ್ರಾಂಶದ ಮೇಲೆ ಕಟ್ಟಿದ ನಾಸಾದ ಪಾಟೊ.

ಮೊದಲ ಪರೀಕ್ಷೆ ಸರಳ. 50 ಮಿ.ಮೀ. ದಪ್ಪದ ತುಂಡು, 300 ಕೆಲ್ವಿನ್‌ನಲ್ಲಿದೆ. ಮೇಲ್ಮೈಯನ್ನು 0.1 ಸೆಕೆಂಡಿನಲ್ಲಿ 1644 ಕೆಲ್ವಿನ್‌ಗೆ ಏರಿಸಿ ಒಂದು ನಿಮಿಷ ಹಾಗೇ ಹಿಡಿಯಬೇಕು. ಸವೆತವಿಲ್ಲ, ಹಿಂಬದಿಯಿಂದ ಶಾಖ ಹೋಗುವುದೂ ಇಲ್ಲ.

ಪೈರೊಲಿಸಿಸ್ (ಶಾಖಕ್ಕೆ ರಾಳ ಒಡೆದು ಅನಿಲ ಹೊರಬಂದು ಇದ್ದಿಲು ಉಳಿಯುವುದು) ಆಫ್ ಮಾಡಿ ಒಮ್ಮೆ ಓಡಿಸಿ. ಉಷ್ಣ ವಿಸರಣೆಯನ್ನು (ಶಾಖ ಒಳಗೆ ಎಷ್ಟು ಬೇಗ ಹರಡುತ್ತದೆ ಎಂಬ ಅಳತೆ) ಸೆಕೆಂಡಿಗೆ 1 ಚದರ ಮಿ.ಮೀ. ಎಂದು ಸ್ಥಿರವಾಗಿಟ್ಟರೆ 60ನೇ ಸೆಕೆಂಡಿಗೆ 8 ಮಿ.ಮೀ. ಆಳದಲ್ಲಿ ಸುಮಾರು 925, 16 ಮಿ.ಮೀ.ಯಲ್ಲಿ 494 ಕೆಲ್ವಿನ್ ಬರಬೇಕು. ಬರದಿದ್ದರೆ ಮುಂದೆ ಹೋಗಬೇಡಿ.

ಲೆಕ್ಕಕ್ಕಾಗಿ ತುಂಡನ್ನು ಪುಟ್ಟ ಕೋಶಗಳಾಗಿ ಸೀಳಬೇಕು, ಅದೇ ಮೆಶ್. ಅದರ ಮೊದಲ ಕೋಶವನ್ನು 0.05 ಮಿ.ಮೀ. ಇಟ್ಟು, ಒಳಗೆ ಹೋದಂತೆ ಒಂದೊಂದನ್ನೂ ಹಿಂದಿನದಕ್ಕಿಂತ ಶೇ. 3ರಷ್ಟು ಹಿಗ್ಗಿಸುತ್ತೇನೆ, ಸುಮಾರು 116 ಕೋಶಗಳಲ್ಲಿ ಮುಗಿಯುತ್ತದೆ. 1 ಮಿ.ಮೀ. ಕೋಶ ಹಾಕಿದರೆ ಹೊರಬರುವ ಅನಿಲದ ಗೆರೆ ಅಲೆಅಲೆಯಾಗುತ್ತದೆ. ಅದು ಭೌತಶಾಸ್ತ್ರವಲ್ಲ, ಒಂದೊಂದೇ ಕೋಶ ಸರದಿಯಂತೆ ಇದ್ದಿಲಾಗುತ್ತಿದೆ, ಅಷ್ಟೆ.

ಅತಿ ಹೆಚ್ಚು ಕಾಡುವ ತಪ್ಪು ಆರ್ಹೇನಿಯಸ್ ಅಂಕಿಗಳದ್ದು, ಅಂದರೆ ಯಾವ ತಾಪಮಾನದಲ್ಲಿ ಪ್ರತಿಕ್ರಿಯೆ ಎಷ್ಟು ಬೇಗ ನಡೆಯುತ್ತದೆ ಎಂದು ಹೇಳುವ ಅಂಕಿಗಳದ್ದು. ರಾಳ ಒಡೆಯುವ ಮೊದಲ ಪ್ರತಿಕ್ರಿಯೆಯ ಸಕ್ರಿಯಣ ಶಕ್ತಿ ಮೋಲ್‌ಗೆ 71,130 ಜೂಲ್. ಅದನ್ನೇ ಅನಿಲ ಸ್ಥಿರಾಂಕದಿಂದ ಭಾಗಿಸಿ ಕೆಲ್ವಿನ್‌ನಲ್ಲಿ ಬರೆದರೆ 8,556. ಕೆಲ್ವಿನ್ ಕೇಳುವ ಜಾಗದಲ್ಲಿ 71,130 ಹಾಕಿದರೆ ಆ ಪ್ರತಿಕ್ರಿಯೆ ನಡೆಯುವುದೇ ಇಲ್ಲ. ಎರಡನೆಯದರಲ್ಲೂ (1,69,970 ಜೂಲ್, ಅಂದರೆ 20,444 ಕೆಲ್ವಿನ್) ಹೀಗೇ ಎಡವಿದರೆ ರಾಳ ಸುಡುವುದೇ ಇಲ್ಲ. ಪ್ರೋಗ್ರಾಂ ಮಾತ್ರ ಗೊಣಗದೆ ಓಡುತ್ತದೆ, ತಾಪಮಾನದ ಗೆರೆಯೂ ನೋಡಲು ಚೆನ್ನಾಗಿಯೇ ಇರುತ್ತದೆ!

ಹಾಗಾಗಿ ನಾನು ಮೊದಲು ನೋಡುವುದು ತೂಕ. ಹೊಸ ವಸ್ತು ಘನ ಮೀಟರಿಗೆ 280 ಕೆಜಿ, ಇದ್ದಿಲು 220. ಪೂರ್ತಿ ಇದ್ದಿಲಾದ ಪ್ರತಿ ಮಿ.ಮೀ. ದಪ್ಪದಿಂದ ಚದರ ಮೀಟರಿಗೆ 60 ಗ್ರಾಂ ಅನಿಲ ಹೊರಬಂದಿರಬೇಕು. ಮೇಲ್ಮೈಯಿಂದ ಹೊರಟ ಅನಿಲವನ್ನು ಕೂಡಿಸಿ, ತುಂಡು ಕಳೆದುಕೊಂಡ ತೂಕಕ್ಕೆ ತಾಳೆ ಹಾಕಿ.

ಆಮೇಲೆ ಒಳಗಿನ ಒತ್ತಡ. ಅನಿಲ ಹುಟ್ಟಿದ ಕ್ಷಣವೇ ಹೊರಹೋಗುತ್ತದೆ ಎಂದುಕೊಳ್ಳುವ ಹಳೆಯ ಸುಲಭದ ದಾರಿ ನನಗೆ ಒಪ್ಪಿಗೆಯಿಲ್ಲ. 2022ರ ಡಿಸೆಂಬರಿನಲ್ಲಿ ಮರಳಿದ ಆರ್ಟೆಮಿಸ್ 1ರ ಒರಾಯನ್ ನೌಕೆಯ ಕವಚದಲ್ಲಿ ಇದ್ದಿಲು ಅಲ್ಲಲ್ಲಿ ಚೂರಾಗಿ ಕಿತ್ತುಹೋಗಿತ್ತು. ನಾಸಾ ಕೊಟ್ಟ ವಿವರಣೆ: ವಾತಾವರಣಕ್ಕೆ ಇಳಿದು, ಮೇಲಕ್ಕೆ ಪುಟಿದು, ಮತ್ತೆ ಇಳಿಯುವ ನಡುವೆ ಬಿಸಿ ತಗ್ಗಿ ಇದ್ದಿಲಾಗುವುದು ನಿಧಾನವಾಯಿತು, ಒಳಗೆ ಅನಿಲ ಹುಟ್ಟುತ್ತಲೇ ಇತ್ತು, ಆ ಕವಚದ ವಸ್ತುವಾದ ಅವ್‌ಕೋಟ್‌ನಲ್ಲಿ ಅದು ನುಸುಳಿ ಹೋಗಲು ಸಾಕಷ್ಟು ಸಂದಿಯಿರಲಿಲ್ಲ. ಒತ್ತಡ ಏರಿ ಬಿರುಕುಬಿಟ್ಟಿತು. ಡಾರ್ಸಿ ಹರಿವು (ಒತ್ತಡಕ್ಕೆ ಅನಿಲ ಸಂದಿಗಳಲ್ಲಿ ನುಸುಳುವ ಲೆಕ್ಕ) ಬಿಟ್ಟ ಮಾಡೆಲ್‌ನಲ್ಲಿ ಇಂಥದ್ದು ಕಾಣುವುದೇ ಇಲ್ಲ.

ಸವೆತ ಸೇರಿಸಿದಾಗಲೂ ಅನಿಲವೇ ಯಜಮಾನ. ಅದು ಬಿಸಿ ಗಾಳಿಯನ್ನು ದೂರ ತಳ್ಳುತ್ತದೆ: ಲ್ಯಾಮಿನಾರ್ (ಸುಳಿಯಿಲ್ಲದ, ಪದರ ಪದರವಾದ) ಹರಿವಿನಲ್ಲಿ ಊದುವಿಕೆಯ ಅನುಪಾತ (ಹೊರಬರುವ ಅನಿಲದ ಪ್ರಮಾಣ ಹೇಳುವ ಅಂಕಿ) 1 ಆದರೆ ಶಾಖ ವರ್ಗಾವಣೆ ಗುಣಾಂಕ ಅನಿಲವಿಲ್ಲದಾಗಿನ 0.69 ಪಟ್ಟಿಗೆ ಇಳಿಯುತ್ತದೆ. ಅನಿಲ ಕಡಿಮೆ ಲೆಕ್ಕವಾದರೆ ಸವೆತ ಸುಳ್ಳೇ ಹೆಚ್ಚಾಗುತ್ತದೆ. ಇನ್ನೊಂದು: ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ) ಜಾಗವನ್ನು ಕೋಶದ ಸಂಖ್ಯೆಗೆ ಕಟ್ಟಬೇಡಿ, ಮೆಶ್ ಜರುಗಿದಂತೆ ಅದೂ ಜರುಗುತ್ತದೆ. ಮೂಲ ಮೇಲ್ಮೈಯಿಂದ ಅಳೆದ ಆಳವನ್ನೇ ಕೊಡಿ.