ಶೇಡಿ ಮಣ್ಣಿನ ಚಡಾವಿನಲ್ಲಿ ಡಾಂಬರು ನಿಂತ ಬಗೆ

ಶೇಡಿ (ಜೇಡಿಯಂಥ ನುಣುಪು) ಮಣ್ಣಿನ ಮೇಲೆ ಡಾಂಬರು ನಿಲ್ಲುವುದಿಲ್ಲ, ಕಾಂಕ್ರೀಟೇ ಗತಿ ಎಂದು ನಮ್ಮ ಕರಾವಳಿಯ ಇಂಜಿನಿಯರುಗಳಲ್ಲಿ ಹೆಚ್ಚಿನವರು ಹೇಳುತ್ತಾರೆ. ಉಡುಪಿ ಜಿಲ್ಲೆಯ ಹಿರಿಯಡ್ಕ ಕಡೆಯ ಒಂದು ಚಡಾವಿನಲ್ಲಿ (ಏರುದಾರಿಯಲ್ಲಿ) ನಾನು ನಿಲ್ಲಿಸಿದ್ದೇನೆ. ಡಿಎಲ್‌ಪಿ, ಅಂದರೆ ಕೆಟ್ಟರೆ ಗುತ್ತಿಗೆದಾರರೇ ಸರಿಮಾಡಬೇಕಾದ ಅವಧಿ, ಮುಗಿದು ಅದರ ಮೇಲೂ ಒಂದು ಮಳೆಗಾಲ ಕಳೆಯಿತು, ಇವತ್ತಿಗೂ ಅಲ್ಲಿ ಹೊಂಡ ಇಲ್ಲ. ಆಗದು ಎಂದವರೇ ಈಗ ಫೋನ್ ಮಾಡಿ ಎಸ್ಟಿಮೇಟಿನ ಪ್ರತಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಮ್ಮೆ ಬರೆದಿಡುತ್ತೇನೆ.

ಜಾಗ ಹೇಗಿದೆ ಎಂದರೆ, ಸುಮಾರು 300 ಮೀಟರ್ ಚಡಾವು, ಡಾಂಬರಿನ ಅಗಲ ಐದೂವರೆ ಮೀಟರ್. ಒಂದು ಬದಿ ಎತ್ತರದ ಧರೆ (ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆ), ಇನ್ನೊಂದು ಬದಿ ಕೆಳಗೆ ಬೈಲು ಗದ್ದೆ. ಗುಡ್ಡದ ಮೇಲ್ಭಾಗ ಮುರಕಲ್ಲು (ಜಂಬಿಟ್ಟಿಗೆ), ಅದರಡಿ ಶೇಡಿ. ರಸ್ತೆಗೆ ಧರೆ ಕಡಿದವರು ಮುರಕಲ್ಲು ದಾಟಿ ಶೇಡಿಗೇ ಇಳಿದಿದ್ದಾರೆ. ಮುರಕಲ್ಲು ನೀರನ್ನು ಇಳಿಯಬಿಡುತ್ತದೆ, ಶೇಡಿ ಬಿಡುವುದಿಲ್ಲ. ಹಾಗಾಗಿ ಎರಡೂ ಕೂಡುವಲ್ಲಿ ಒರತೆ ಹೊರಟು ನೇರ ರಸ್ತೆಯ ಅಡಿಗೆ ಬರುತ್ತದೆ. ಒಣಗಿದಾಗ ಪಿಕಾಸಿಗೂ ಜಗ್ಗದ ಆ ಮಣ್ಣು ನೀರು ಕುಡಿದರೆ ಅಂಬಲಿ.

ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಇಂಥ ಜಾಗಕ್ಕೆ ಏನೇನು ಮಾಡಿದ್ದರು ನೋಡಿ. ಪ್ರತಿ ಮಳೆಗಾಲದ ನಂತರ ಪ್ಯಾಚ್, ವರ್ಷಕ್ಕೆ ಎರಡೂವರೆ–ಮೂರು ಲಕ್ಷ. ಒಮ್ಮೆ ಪೂರ್ತಿ ಮರುಡಾಂಬರು ಆಯಿತು, ಅದು ಆಟಿ ತಿಂಗಳು (ಜುಲೈ–ಆಗಸ್ಟ್) ದಾಟಲಿಲ್ಲ. ಮತ್ತೊಮ್ಮೆ ಹಳೆಯ ಡಾಂಬರಿನ ಮೇಲೆಯೇ ದಪ್ಪದ ಡಿಬಿಎಂ (ಜಲ್ಲಿ–ಡಾಂಬರು ಮಿಶ್ರಣದ ಗಟ್ಟಿ ಪದರ) ಹಾಕಿದರು. ಅದು ಒಡೆಯಲಿಲ್ಲ, ಇಡೀ ಪದರವೇ ಅಲೆ ಅಲೆಯಾಗಿ ಕೆಳಗೆ ಸರಿಯಿತು. ಕೊನೆಗೆ ಕಾಂಕ್ರೀಟಿಗೆ ಎಸ್ಟಿಮೇಟ್ ಹಾಕಿದರು, ನಲವತ್ತು ಲಕ್ಷದ ಹತ್ತಿರ. ಅಷ್ಟು ಕೊಟ್ಟರೂ ಅಡಿಯ ನೀರು ಅಲ್ಲೇ ಇರುತ್ತದೆ. ಅಡಿ ಕೊಚ್ಚಿಹೋದ ಸ್ಲ್ಯಾಬು ಜಾಯಿಂಟಿನ ಹತ್ತಿರ ಮುರಿದು ತೊಟ್ಟಿಲು ತೂಗಿದಂತಾಗುವುದನ್ನು ಇದೇ ಜಿಲ್ಲೆಯಲ್ಲಿ ಎಷ್ಟೋ ಕಡೆ ನೋಡಿದ್ದೇವೆ.

ನನ್ನ ಎಸ್ಟಿಮೇಟಿನಲ್ಲಿ ಮುಕ್ಕಾಲು ದುಡ್ಡು ನೀರಿಗೆ, ಕಾಲು ದುಡ್ಡು ಡಾಂಬರಿಗೆ. ಮೇಲಧಿಕಾರಿ ಕಡತ ತಿರುಗಿಸಿ ನೋಡಿ, "ಎಂತ ಮಾರಾಯ್ರೆ, ರಸ್ತೆ ಮಾಡಿ ಅಂದ್ರೆ ತೋಡು ಮಾಡ್ತೀರಲ್ಲ" ಎಂದರು. ಪಂಚಾಯತ್ ಸದಸ್ಯರಿಗೂ ಸಮಾಧಾನವಿರಲಿಲ್ಲ. ಚರಂಡಿ ಉದ್ಘಾಟನೆಗೆ ಯಾರು ಬರುತ್ತಾರೆ ಎಂಬುದು ಅವರ ಚಿಂತೆ.

ಮೊದಲು ಹಿಂದಿನ ಮಳೆಗಾಲದಲ್ಲೇ ಧರೆ ನೋಡಿಟ್ಟಿದ್ದೆ. ಮಳೆ ಸುರಿಯುವಾಗ ಹೋದರೆ ಪ್ರಯೋಜನವಿಲ್ಲ, ಆಗ ಎಲ್ಲ ಕಡೆಯೂ ನೀರೇ. ಎರಡು ದಿನ ಬಿಸಿಲು ಬಿದ್ದ ಮೇಲೆ ಹೋಗಬೇಕು. ಆಗಲೂ ಒದ್ದೆಯಾಗಿಯೇ ಇರುವ ಜಾಗ ಒರತೆಯದ್ದು. ಅಲ್ಲಿ ಮುರಕಲ್ಲಿಗೆ ಬಣ್ಣದ ಗುರುತು ಹಾಕಿ ಚೈನೇಜ್ (ರಸ್ತೆಯ ಆರಂಭದಿಂದ ಎಷ್ಟು ದೂರ ಎಂಬ ಲೆಕ್ಕ) ಬರೆದುಕೊಂಡೆ. ಬೇಸಿಗೆಯಲ್ಲಿ ಸರ್ವೆ ಮಾಡಿದವರಿಗೆ ಇದು ಕಾಣುವುದೇ ಇಲ್ಲ.

ಧರೆಯ ನೆತ್ತಿಯ ಹಿಂದೆ ಮುರಕಲ್ಲು ಕಟ್ಟಿದ ಕಣಿ (ನೀರು ಹೋಗುವ ಕಾಲುವೆ), ಸುಮಾರು 180 ಮೀಟರ್, ಮೀಟರಿಗೆ ಒಂದೂವರೆ ಸಾವಿರದಂತೆ. ಗುಡ್ಡದ ಹರಿನೀರು ಧರೆ ಇಳಿಯುವ ಮೊದಲೇ ಅದರಲ್ಲಿ ಬದಿಗೆ ಹೋಗುತ್ತದೆ. ಧರೆಯ ಬುಡದಲ್ಲಿ ಎರಡಡಿ ಅಗಲ, ಎರಡಡಿ ಆಳದ ಆರ್‌ಸಿಸಿ ಚರಂಡಿ, ಧರೆ ಕಡೆಯ ಗೋಡೆಗೆ ವೀಪ್ ಹೋಲ್ (ಮಣ್ಣಿನ ನೀರು ಒಸರಿ ಬರುವ ತೂತು). ಇದಕ್ಕೆ ಮೀಟರಿಗೆ ನಾಲ್ಕೂವರೆ ಸಾವಿರ ಬಿತ್ತು. ಇಷ್ಟು ಎಲ್ಲರೂ ಮಾಡುವ ಕೆಲಸ.

ಎಲ್ಲರೂ ಬಿಡುವ ಕೆಲಸ ಈ ಚರಂಡಿಯ ಪಕ್ಕ, ರಸ್ತೆಯ ಅಂಚಿನಲ್ಲಿ ಇರುವುದು. ಒರತೆಯನ್ನು ರಸ್ತೆಯಡಿ ಸೇರುವ ಮೊದಲೇ ಹಿಡಿಯಲು, ಸಬ್‌ಗ್ರೇಡಿಗಿಂತ (ರಸ್ತೆಯ ಪದರಗಳ ಅಡಿಯ ಮಣ್ಣಿನ ಮಟ್ಟಕ್ಕಿಂತ) ಮೂರಡಿ ಕೆಳಗಿನವರೆಗೆ ಒಂದೂವರೆ ಅಡಿ ಅಗಲದ ಟ್ರೆಂಚ್, ಒಳಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವಂಥದ್ದು), ಆರಿಂಚಿನ ತೂತು ಪೈಪು, ಸುತ್ತ 40 ಮಿಲಿಮೀಟರ್ ಜಲ್ಲಿ, ಮೇಲೆ ಬಟ್ಟೆ ಮಡಚಿ ಮುಚ್ಚಿದೆವು. ಶೇಡಿಯಲ್ಲಿ ಟ್ರೆಂಚ್ ರಾತ್ರಿ ತೆರೆದಿಡಬಾರದು, ಬೆಳಗಾಗುವುದರೊಳಗೆ ಬದಿ ಕುಸಿದಿರುತ್ತದೆ. ಸಂಜೆಯೊಳಗೆ ಎಷ್ಟು ತುಂಬಿಸಲು ಸಾಧ್ಯವೋ ಅಷ್ಟೇ ಅಗೆಯಬೇಕು. ಜೆಸಿಬಿಯವನಿಗೆ ಇದು ಹಿಡಿಸಲಿಲ್ಲ, ಗಂಟೆ ಲೆಕ್ಕದವನಿಗೆ ಕಾಯುವುದೆಂದರೆ ನಷ್ಟ. ದಿನದ ಬಾಡಿಗೆಗೆ ಒಪ್ಪಿಸಿದ ಮೇಲೆ ಸರಿಹೋಯಿತು. ಪೈಪಿನ ಬಾಯಿ ಮೋರಿಗೆ ಸೇರುವಲ್ಲಿ ಹೂಳು ಕಟ್ಟದಂತೆ ನಾನು ಮಾಡಿಸಿದ ಜೋಡಣೆ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಸೈಟಿಗೆ ಬಂದವರಿಗೆ ತೋರಿಸುತ್ತೇನೆ.

ರಸ್ತೆಯ ತಳದ ಜಲ್ಲಿ ಪದರವಾದ ಜಿಎಸ್‌ಬಿಯನ್ನು ಡಾಂಬರಿನ ಅಗಲಕ್ಕೆ ನಿಲ್ಲಿಸದೆ ಈ ಟ್ರೆಂಚಿನ ಜಲ್ಲಿಯವರೆಗೂ, ಇನ್ನೊಂದು ಬದಿಯಲ್ಲಿ ಇಳಿಜಾರಿನ ಹೊರಮೈಯವರೆಗೂ ಒಯ್ದೆ. ಅಂಚಿಗೆ ಮಣ್ಣು ಕಟ್ಟಿ ಒತ್ತಿದರೆ ಜಿಎಸ್‌ಬಿ ತೊಟ್ಟಿಯಾಗುತ್ತದೆ, ಒಳಗೆ ಬಂದ ನೀರು ಹೊರಡುವುದಿಲ್ಲ. ಕ್ರಷರಿನಿಂದ ಬಂದ ಮೊದಲ ಲೋಡುಗಳಲ್ಲಿ ಹುಡಿ ಜಾಸ್ತಿ ಇತ್ತು, ವಾಪಸ್ ಕಳಿಸಿದೆ. 75 ಮೈಕ್ರಾನ್ ಜರಡಿ ದಾಟುವುದು ಶೇಕಡಾ 5ಕ್ಕಿಂತ ಮೇಲೆ ಹೋದರೆ ಬೇಡ ಎಂದು ಬರೆದೇ ಕೊಟ್ಟೆ. ಕ್ಯಾಂಬರ್ (ರಸ್ತೆಯ ನಡುವಿನಿಂದ ಅಂಚಿಗೆ ಕೊಡುವ ಇಳಿಜಾರು) ಶೇಕಡಾ ಎರಡೂವರೆ, ಕ್ಯಾಂಬರ್ ಬೋರ್ಡ್ ಇಟ್ಟು ನೋಡದೆ ಎಂಬಿಯಲ್ಲಿ (ಅಳತೆ ಪುಸ್ತಕದಲ್ಲಿ) ಬರೆಯಲಿಲ್ಲ.

ಗುತ್ತಿಗೆ ಕಥೆಯೇ ಬೇರೆ. ಮೊದಲ ಟೆಂಡರಿಗೆ ಯಾರೂ ಬರಲಿಲ್ಲ. ಡಾಂಬರಿನ ಪ್ರಮಾಣ ಕಡಿಮೆ, ಕೈಕೆಲಸ ಜಾಸ್ತಿ, ಲಾಭ ಕಾಣುವುದಿಲ್ಲ. ಬಟ್ಟೆ ಮತ್ತು ತೂತು ಪೈಪಿಗೆ ಬೇರೆಯಾಗಿ ರೇಟ್ ಕಟ್ಟಿ ಮಂಜೂರಾತಿ ತರುವುದರಲ್ಲೇ ಬೇಸಿಗೆಯ ಅರ್ಧ ಹೋಯಿತು. ಎರಡನೆಯ ಸಲ ಬಂದ ಗುತ್ತಿಗೆದಾರರು ಊರಿನವರೇ, ತಾವೂ ಅದೇ ಚಡಾವಿನಲ್ಲಿ ಓಡಾಡುವವರು. ಮೇ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆಯೊಳಗೆ ಡಾಂಬರು ಮುಗಿಯಲೇಬೇಕು ಎಂದಿದ್ದೆ, ಮುಗಿಸಿದರು. ಬಿಲ್ಲು ಮಾತ್ರ ಮುಂದಿನ ದೀಪಾವಳಿಯವರೆಗೆ ಬರಲಿಲ್ಲ. ಅಷ್ಟು ದಿನ ತಾಳಿಕೊಂಡ ಅವರಿಗೆ ಈ ಕೆಲಸದ ಅರ್ಧ ಹೆಸರು ಸಲ್ಲಬೇಕು. ಎರಡು ಮೋರಿ, ತೀರಾ ಹಾಳಾದ ನೂರಿಪ್ಪತ್ತು ಮೀಟರಿನಲ್ಲಿ ಬುಡದಿಂದ ಹೊಸ ರಸ್ತೆ, ಉಳಿದದ್ದಕ್ಕೆ ಮೇಲಿನ ಪದರ, ಎಲ್ಲ ಸೇರಿ ಮೂವತ್ತು ಲಕ್ಷದ ಆಚೀಚೆ ಆಯಿತು. ಕಾಂಕ್ರೀಟಿನ ಎಸ್ಟಿಮೇಟಿನಲ್ಲಿ ಹತ್ತಿರ ಹತ್ತು ಲಕ್ಷ ಉಳಿದ ಹಾಗಾಯಿತು.

ಮನೆಗಳ ಎದುರಿನ ದಾರಿ ಇನ್ನೊಂದು ತಲೆನೋವು. ಗೇಟಿನ ಮುಂದೆ ಹಳೆ ಕಣಿಗೆ ನಾಲ್ಕಿಂಚಿನ ಪೈಪು ಹಾಕಿ ಮೇಲೆ ಕಾಂಕ್ರೀಟ್ ಸುರಿದಿದ್ದರು. ಒಂದು ತೆಂಗಿನ ಗರಿ ಸಿಕ್ಕಿದರೆ ನೀರೆಲ್ಲ ರಸ್ತೆಗೆ. ಒಡೆಯಲು ಹೋದಾಗ ಜಗಳ. ಅಲ್ಲಿನ ಒಬ್ಬರು ಹಿರಿಯ ಅಮ್ಮ, "ನಮ್ಮ ರಿಕ್ಷಾ ಒಳಗೆ ಬರ್ಲಿಕ್ಕೆ ದಾರಿ ಮಾಡಿಕೊಟ್ರೆ ನಂಗೆ ಅಡ್ಡಿ ಇಲ್ಲ ಇಂಜಿನಿಯರ್ರೆ" ಎಂದು ತಮ್ಮದನ್ನೇ ಮೊದಲು ಒಡೆಸಿದರು. ಆಮೇಲೆ ಉಳಿದವರೂ ಬಿಟ್ಟುಕೊಟ್ಟರು.

ಜೊತೆಗೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಶೇಡಿಗೆ ಚಿಪ್ಪಿನ ಸುಣ್ಣ ಬೆರೆಸಿ ಗಟ್ಟಿ ಮಾಡಲು ಹತ್ತು ಮೀಟರ್ ನೋಡಿದೆವು. ಒಣ ಮಣ್ಣಿಗೆ ಬೆರೆತಲ್ಲಿ ಚೆನ್ನಾಗಿ ಬಿಗಿಯಿತು, ಒದ್ದೆ ಉಂಡೆಗಳ ಒಳಗೆ ಸುಣ್ಣ ಹೋಗಲೇ ಇಲ್ಲ. ಟ್ರ್ಯಾಕ್ಟರ್ ರೋಟವೇಟರ್ ಇಲ್ಲದೆ ಅದು ಆಗುವ ಕೆಲಸವಲ್ಲ. ಧರೆಯ ಮೈಗೆ ಲಾವಂಚ ನೆಡಿಸಿದ್ದು ಮಾತ್ರ ಗೆದ್ದಿತು. ನೆಟ್ಟ ಮೊದಲ ವರ್ಷ ದನಗಳಿಂದ ಕಾಯಬೇಕಾಯಿತು, ಈಗ ಮಣ್ಣು ಜಾರುವುದು ಬಹುಪಾಲು ನಿಂತಿದೆ. ಕಣಿಯ ಹೂಳೂ ಅದರಿಂದಲೇ ಕಡಿಮೆಯಾಗಿದೆ. ಇದರ ಬಗ್ಗೆ ಬೇರೆಯಾಗಿಯೇ ಬರೆಯಬೇಕು, ಬುಡ ಎಷ್ಟು ದೂರಕ್ಕೆ ನೆಡಬೇಕು ಎಂಬುದರಲ್ಲೇ ಎಲ್ಲ ಇದೆ.

ನಿರ್ವಹಣೆಗೆ ಈಗ ವರ್ಷಕ್ಕೆ ಇಪ್ಪತ್ತು–ಇಪ್ಪತ್ತೈದು ಸಾವಿರ ಸಾಕಾಗುತ್ತದೆ. ಹಿಂದೆ ಗ್ಯಾಂಗ್‌ಮನ್‌ಗಳು ಹಾರೆ ಹಿಡಿದು ಮಳೆಯಲ್ಲೇ ನಡೆದು ಕಣಿ ಬಿಡಿಸುತ್ತಿದ್ದರು, ಆ ಹುದ್ದೆಗಳು ಖಾಲಿಯಾದ ಮೇಲೆಯೇ ನಮ್ಮ ರಸ್ತೆಗಳು ಕೆಟ್ಟದ್ದು. ನಾನು ಪತ್ತನಾಜೆಗೆ ಮೊದಲು ಒಂದು ಸಲ, ಮೊದಲ ದೊಡ್ಡ ಮಳೆಯ ಮರುದಿನ ಒಂದು ಸಲ ಇಬ್ಬರು ಕೂಲಿಯವರನ್ನು ಕಳಿಸುತ್ತೇನೆ. ಎರಡನೆಯದನ್ನು ತಪ್ಪಿಸಬಾರದು, ವರ್ಷದ ಕಸವೆಲ್ಲ ಆ ಮಳೆಗೇ ಬರುವುದು. ಕೇಬಲ್ ಎಳೆಯುವವರು ಅನುಮತಿ ಕೇಳಿದರೆ ಜಲ್ಲಿ ಟ್ರೆಂಚ್ ಇರುವ ಬದಿ ಕೊಡಬೇಡಿ, ಕೆಳಬದಿಯನ್ನೇ ತೋರಿಸಿ, ಡಿಪಾಸಿಟ್ ಮೊದಲೇ ಕಟ್ಟಿಸಿಕೊಳ್ಳಿ. ಚರಂಡಿಯ ಮುಚ್ಚಳ ಸ್ಲ್ಯಾಬುಗಳನ್ನು ಇಬ್ಬರು ಎತ್ತುವ ಅಳತೆಗೆ ಹಾಕಿಸಿ, ಹಿಡಿಕೆಗೆ ಸರಳು ಬಾಗಿಸಿ ಇಡಿಸಿ. ಅದು ಎಸ್ಟಿಮೇಟಿನಲ್ಲಿ ಬರೆದಿಲ್ಲದಿದ್ದರೆ ಗುತ್ತಿಗೆದಾರ ಹಾಕುವುದಿಲ್ಲ. ಹಿಡಿಕೆ ಇಲ್ಲದ ಸ್ಲ್ಯಾಬನ್ನು ಮುಂದೆ ಯಾರೂ ಎತ್ತುವುದೂ ಇಲ್ಲ.