ಹಿತ್ತಲಿನ ಸಣ್ಣ ಎಸ್‌ಟಿಪಿ: ನಾನು ನಡೆಸುತ್ತಿರುವ ರೀತಿ

ಕೋಲಾರದ ಹೊರಗೆ ನಮ್ಮ ಮನೆ. ಒಳಚರಂಡಿ ಇನ್ನೂ ಇಲ್ಲಿಗೆ ಬಂದಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟುವ ಸೀಮೆಯಲ್ಲಿ ಬಚ್ಚಲ ನೀರನ್ನು ಸುಮ್ನೆ ಗುಂಡಿಗೆ ಬಿಡಲು ಮನಸ್ಸಾಗಲಿಲ್ಲ. ಬೆಂಗಳೂರಿನ ಕೊಳಚೆ ನೀರೇ ಸಂಸ್ಕರಣೆಯಾಗಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ಯೋಜನೆಯ ಪೈಪಿನಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿದೆ. ನಮ್ಮ ಮನೆಯ ನೀರು ಯಾಕೆ ದಂಡವಾಗಬೇಕು ಅಂತ ಹಿತ್ತಲಲ್ಲೇ ಎಸ್‌ಟಿಪಿ, ಅಂದರೆ ಕೊಳಚೆ ನೀರು ಸಂಸ್ಕರಿಸುವ ಘಟಕ, ಕಟ್ಟಿಸಿದೆ.

ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಸರ್ಕಾರಿ ಲೆಕ್ಕ. ಆರು ಜನಕ್ಕೆ ಸುಮಾರು 800 ಲೀಟರ್. ನೆಂಟರು ಬಂದರೆ ಜಾಸ್ತಿಯಾಗುತ್ತೆ ಅಲ್ವಾ, ಅದಕ್ಕೆ ಸ್ವಲ್ಪ ದೊಡ್ಡದನ್ನೇ ಮಾಡಿಸಿದೆ.

ಇರುವುದು ಮೂರು ತೊಟ್ಟಿ. ಮೊದಲನೆಯದರಲ್ಲಿ ಗಟ್ಟಿ ಕಲ್ಮಶ ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಮುಂದಕ್ಕೆ ಹೋಗುತ್ತದೆ. ಅಸಲಿ ಕೆಲಸ ಎರಡನೆಯದರಲ್ಲಿ. ಹೊರಗಿರುವ ಬ್ಲೋವರ್ ತಳದಲ್ಲಿರುವ ಸಣ್ಣ ತೂತುಗಳ ಡಿಫ್ಯೂಸರ್‌ಗೆ ಗಾಳಿ ಊದುತ್ತದೆ, ಸಣ್ಣ ಗುಳ್ಳೆಗಳು ಏಳುತ್ತಲೇ ಇರುತ್ತವೆ. ಗಾಳಿ ಸಿಕ್ಕ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಹೊಲಸನ್ನು ತಿಂದು, ಒಂದಕ್ಕೊಂದು ಅಂಟಿಕೊಂಡು ಕಂದು ಚೂರುಗಳಾಗುತ್ತವೆ. ಮೂರನೆಯ ತೊಟ್ಟಿಯಲ್ಲಿ ಗುಳ್ಳೆ ಇಲ್ಲ. ಚೂರುಗಳು ಕೆಳಗಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಆ ಕೆಸರು ಎರಡನೆಯ ತೊಟ್ಟಿಗೆ ವಾಪಸ್ ಹೋಗಬೇಕು, ಇಲ್ಲದಿದ್ದರೆ ಹೊಲಸು ತಿನ್ನುವ ಬಾಯಿಗಳೇ ಕಡಿಮೆಯಾಗುತ್ತವೆ. ಹೆಚ್ಚಾದದ್ದನ್ನು ಮೊದಲ ತೊಟ್ಟಿಗೆ ಬಿಡುತ್ತೇನೆ.

ಶುರು ಮಾಡುವಾಗ ಬ್ಯಾಕ್ಟೀರಿಯಾ ಬೆಳೆಯಲಿ ಅಂತ ಸಗಣಿ ಕದಡಿ ಹಾಕು ಅಂದವರಿದ್ದರು. ಅದೂ ನಡೆಯುತ್ತದೆ, ನಿಧಾನ ಅಷ್ಟೆ. ನಾನು ಚೆನ್ನಾಗಿ ಓಡುತ್ತಿದ್ದ ಅಪಾರ್ಟ್‌ಮೆಂಟ್ ಎಸ್‌ಟಿಪಿಯಿಂದ ಕ್ಯಾನ್‌ಗಳಲ್ಲಿ ಕೆಸರು ತಂದು ಸುರಿದೆ.

ಹೊರಬರುವ ನೀರು ತಿಳಿಯಾಗಿದೆ ಅಂತ ಜನ ಖುಷಿಪಡುತ್ತಾರೆ. ನಾನು ನೋಡುವುದು ಕೆಸರನ್ನು. ಎರಡನೆಯ ತೊಟ್ಟಿಯಿಂದ ಒಂದು ಲೀಟರ್ ಗಾಜಿನ ಜಾರಿಗೆ ತುಂಬಿ ಅರ್ಧ ಗಂಟೆ ಅಲ್ಲಾಡಿಸದೆ ಇಡುತ್ತೇನೆ. ಮೊದಲು ಎಲ್ಲ ಹಾಲು ಬೆರೆಸಿದ ಕಾಫಿಯ ಹಾಗೆ ಇರುತ್ತದೆ. ಐದಾರು ನಿಮಿಷಕ್ಕೆ ಚೂರುಗಳು ಕೂಡಿಕೊಂಡು ನಡುವೆ ಒಂದು ಗೆರೆ ಮೂಡುತ್ತದೆ, ಅದು ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. 200ರಿಂದ 300 ಮಿಲಿಯಲ್ಲಿ ನಿಂತರೆ ನನಗೆ ನೆಮ್ಮದಿ. ವಾಸನೆ ಒದ್ದೆ ಮಣ್ಣಿನದಿರಬೇಕು. ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಗಾಳಿ ಸಾಲುತ್ತಿಲ್ಲ ಅಂತ.

ಬ್ಲೋವರ್ ಸುಮಾರು 60 ವ್ಯಾಟಿನದು, ಹಗಲೂ ರಾತ್ರಿ ಓಡಿದರೂ ದಿನಕ್ಕೆ ಒಂದೂವರೆ ಯೂನಿಟ್. ಕರೆಂಟ್ ಒಂದೆರಡು ಗಂಟೆ ಹೋದರೆ ಏನೂ ಆಗುವುದಿಲ್ಲ. ನಿಜವಾದ ಶತ್ರು ಫಿನಾಯಿಲ್, ಬ್ಲೀಚಿಂಗ್ ಪೌಡರ್, ಆಸಿಡ್. ರೋಗಾಣುಗಳ ಜೊತೆ ನಮ್ಮ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. “ಫಿನಾಯಿಲ್ ಹಾಕದ ಕಕ್ಕಸ್ಸು ಒಂದು ಕಕ್ಕಸ್ಸೇನಪ್ಪಾ?” ಅಂತ ಅಮ್ಮ ಈಗಲೂ ಗೊಣಗುತ್ತಾರೆ. ಬ್ರಷ್ಷು, ಸೋಪಿನ ನೀರಿಗೆ ರಾಜಿಯಾಗಿದ್ದೇವೆ. ಕರಿದ ಎಣ್ಣೆಯೂ ಸಿಂಕಿಗೆ ಬೀಳಬಾರದು.

ತಿಳಿನೀರಿಗೆ ಸ್ವಲ್ಪ ಕ್ಲೋರಿನ್ ಸೇರಿಸಿ ತೆಂಗು, ಮಾವಿನ ಬುಡಕ್ಕೆ ಬಿಡುತ್ತೇನೆ. ಕೊತ್ತಂಬರಿ, ಸೊಪ್ಪಿಗೆ ಬೇಡ, ರೋಗಾಣು ಪೂರ್ತಿ ಹೋಗಿರುವುದಿಲ್ಲ. ಮೊದಲ ತೊಟ್ಟಿ ತುಂಬುತ್ತಾ ಬಂದಾಗ ಸಕ್ಕಿಂಗ್ ಗಾಡಿ ಕರೆಸಬೇಕು. ಒಳಗೆ ವಿಷಗಾಳಿ ಇರುತ್ತದೆ, ಯಾರನ್ನೂ ಇಳಿಸಬೇಡಿ, ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯಿದೆ ಪ್ರಕಾರ ಅದು ಅಪರಾಧವೂ ಹೌದು. ಗಾಡಿಯ ಪೈಪು ತಲುಪುವಂಥ ಜಾಗ ನೋಡಿಯೇ ತೊಟ್ಟಿ ಕಟ್ಟಿಸಿ.