ಕೊನೆತನಕ ಒಂದೇ ಕಾರು: ಎಟಿಯೋಸ್ ಪೆಟ್ರೋಲ್ ಆಯ್ದುಕೊಂಡ ಲೆಕ್ಕ

ನಾನು ಕೊನೆತನಕ ಇಟ್ಟುಕೊಳ್ಳಲು ಆಯ್ದುಕೊಂಡದ್ದು ಟೊಯೋಟಾ ಎಟಿಯೋಸ್ ಸೆಡಾನ್. 1.5 ಲೀಟರ್ ಪೆಟ್ರೋಲ್, ಮ್ಯಾನುಯಲ್ ಗೇರು. 2010ರ ಕೊನೆಯಿಂದ ಬಿಡದಿಯಲ್ಲಿ ತಯಾರಾಗುತ್ತಿತ್ತು, ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬಂದಾಗ 2020ರಲ್ಲಿ ನಿಂತಿತು. ಮೀಟರು ಡ್ಯಾಶ್‌ಬೋರ್ಡಿನ ನಡುವೆ ಇದೆ, ಒಳಗಿನ ಪ್ಲಾಸ್ಟಿಕ್ ಸಾಧಾರಣ. ಅದು ಕಣ್ಣಿಗೆ ಚುಚ್ಚುವವರು ಈ ಕಾರಿಗೆ ಕೈ ಹಾಕುವುದು ಬೇಡ.

ಎಂಜಿನ್ ಎಷ್ಟು ಲಕ್ಷ ಕಿಲೋಮೀಟರ್ ಬಾಳುತ್ತದೆ ಎಂದು ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ರಿಂಗು, ಬೇರಿಂಗು, ಹೆಡ್ ಗ್ಯಾಸ್ಕೆಟ್ ಹಾಕಿ ಎಂಜಿನ್ ಕಟ್ಟುವ ಮೇಸ್ತ್ರಿಗಳು ಜಿಲ್ಲಾ ಕೇಂದ್ರಗಳಲ್ಲೆಲ್ಲ ಸಿಗುತ್ತಾರೆ. ಇಪ್ಪತ್ತು ವರ್ಷದ ಕಾರನ್ನು ಗುಜರಿಗೆ ತಳ್ಳುವುದು ತುಕ್ಕು, ಸಿಗದ ಎಲೆಕ್ಟ್ರಾನಿಕ್ ಡಬ್ಬಿ, ಇಲ್ಲವೇ ಕಾಗದಪತ್ರ. ಆದ್ದರಿಂದ ಬಿಟ್ಟವುಗಳ ಪಟ್ಟಿ ದೊಡ್ಡದಾಯಿತು. ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಪೆಟ್ರೋಲ್ ಬಿಟ್ಟೆ: ಇಂಧನ ನೇರ ಸಿಲಿಂಡರಿಗೆ ಹೋಗುವುದರಿಂದ ಇನ್‌ಟೇಕ್ ವಾಲ್ವ್ ತೊಳೆಯುವವರಿಲ್ಲ, ಇಂಗಾಲ ಕಟ್ಟುತ್ತದೆ. ಎಸಿಯೂ ಟಚ್‌ಸ್ಕ್ರೀನಿನಲ್ಲೇ ನಡೆಯುವ ಕಾರು ಬಿಟ್ಟೆ. ಸನ್‌ರೂಫ್ ಬಿಟ್ಟೆ, ಅದರ ನೀರಿನ ಪೈಪು ಕಟ್ಟಿದರೆ ಮಳೆನೀರು ಕಾರ್ಪೆಟ್ಟಿಗೆ, ಅಲ್ಲಿಂದ ವೈರಿಂಗಿಗೆ. ಎಟಿಯೋಸ್‌ನ 2ಎನ್‌ಆರ್-ಎಫ್‌ಇ ಎಂಜಿನ್ನಿನಲ್ಲಿ ಇರುವುದು ಪೋರ್ಟ್ ಇಂಜೆಕ್ಷನ್ (ಇಂಧನ ವಾಲ್ವ್‌ನ ಹಿಂದೆಯೇ ಸಿಂಪಡಣೆ), ವಾಲ್ವ್ ನಡೆಸಲು ಟೈಮಿಂಗ್ ಚೈನು. ಟರ್ಬೊ ಇಲ್ಲ.

ಇದರ ನಿಜವಾದ ಬಲ ಟ್ಯಾಕ್ಸಿಯವರು. ಡೀಸೆಲ್ ಎಟಿಯೋಸ್ ಹಳದಿ ಬೋರ್ಡಿನಲ್ಲಿ ಲೆಕ್ಕವಿಲ್ಲದಷ್ಟು ಓಡಿದೆ. ಬಾಗಿಲು, ಗಾಜು, ಬಂಪರ್, ಹೆಡ್‌ಲೈಟು ಪೆಟ್ರೋಲ್, ಡೀಸೆಲ್ ಎರಡಕ್ಕೂ ಒಂದೇ. ಹೊಸದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಹಳೆಯದು ಶಿವಾಜಿನಗರದ ಗುಜರಿಯಲ್ಲಿ ಹುಡುಕಬಹುದು. ಪೆಟ್ರೋಲ್ ಗಾಡಿ ಮಾತ್ರ ಹೆಚ್ಚಾಗಿ ಮನೆಬಳಕೆಯದು. ಅಂದರೆ ಟ್ಯಾಕ್ಸಿಯ ಬಿಡಿಭಾಗ ನಮಗೆ, ಟ್ಯಾಕ್ಸಿಯ ಸವೆತ ಅವರಿಗೆ. 2016ರ ಸೆಪ್ಟೆಂಬರಿನಲ್ಲಿ ಬಂದ ಪ್ಲಾಟಿನಂ ಮಾದರಿ ಅಥವಾ ಆಮೇಲಿನದನ್ನೇ ನೋಡಿ. ಎಲ್ಲ ದರ್ಜೆಯಲ್ಲೂ ಎಬಿಎಸ್ ಮತ್ತು ಎರಡು ಏರ್‌ಬ್ಯಾಗ್ ಇವೆ.

ಹೊಸದು ಸಿಗುವುದಿಲ್ಲವಾದ್ದರಿಂದ ಸೆಕೆಂಡ್ ಹ್ಯಾಂಡ್ ಪರೀಕ್ಷೆಯೇ ಅರ್ಧ ಕೆಲಸ. ಪೇಂಟ್ ದಪ್ಪ ಅಳೆಯುವ ಮೀಟರ್ ಹಿಡಿದು ಹೋಗಿ. ಕಂಪನಿ ಪೇಂಟು ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್. 200 ದಾಟಿದರೆ ಮರುಪೇಂಟು. 500ರ ಮೇಲೆ ತೋರಿಸಿದರೆ ಕೆಳಗೆ ಪುಟ್ಟಿ ಇದೆ. ಬಂಪರಿಗೋ ಬಾಗಿಲಿಗೋ ಪೇಂಟಾಗಿದ್ದರೆ ತೊಂದರೆಯಿಲ್ಲ. ಛಾವಣಿ ಹೊರುವ ಪಿಲ್ಲರ್, ಛಾವಣಿ, ಎಂಜಿನ್ ಪಕ್ಕದ ತಗಡು (ಏಪ್ರನ್) ಮುಟ್ಟಿದ್ದರೆ ಬೆಲೆ ಎಷ್ಟೇ ಇಳಿಸಲಿ, ಬೇಡ. ಸ್ಟೆಪ್ನಿ ಎತ್ತಿ ಆ ಗುಂಡಿಯ ವೆಲ್ಡಿಂಗ್ ಗುರುತು ನೋಡಿ. ನಾಲ್ಕೂ ಬಾಗಿಲಿನ ಗಾಜಿನ ಮೇಲಿನ ವರ್ಷ ಹೊಂದಬೇಕು, ಸೀಟ್‌ಬೆಲ್ಟನ್ನು ಪೂರ್ತಿ ಎಳೆದು ಬುಡದ ಚೀಟಿಯ ದಿನಾಂಕ ಓದಿ. ಬೆಲ್ಟಿನ ಬುಡದಲ್ಲಿ ಕೆಸರಿನ ಗೆರೆ ಇದ್ದರೆ ಕಾರು ನೀರಿನಲ್ಲಿ ಮುಳುಗಿತ್ತು. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯಲ್ಲಿ ನಾಲ್ಕು ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಹೆಚ್ಚು ಅಂತರ ಇರಬಾರದು. ಬೆಳಿಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಮಾರುವವರು ಮೊದಲೇ ಬಿಸಿ ಮಾಡಿಟ್ಟರೆ ಚೈನಿನ ಸದ್ದು ಅಡಗಿಬಿಡುತ್ತದೆ. ಹೊರರಾಜ್ಯದ ಗಾಡಿ ಅಗ್ಗವೆನಿಸಿದರೂ ಅಲ್ಲಿನ ಆರ್‌ಟಿಒ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ತಂದು ಇಲ್ಲಿ ಜೀವಿತಾವಧಿ ತೆರಿಗೆ ಕಟ್ಟುವಷ್ಟರಲ್ಲಿ ಆ ಲಾಭ ಕರಗುತ್ತದೆ.

ಕೊಂಡ ಮೇಲೆ ಮೊದಲ ಖರ್ಚು ತುಕ್ಕಿಗೆ. ಅಂಡರ್‌ಬಾಡಿ ಕೋಟಿಂಗ್ ಎಂದು ಕಪ್ಪು ರಬ್ಬರ್ ಬಳಿಸಿಕೊಂಡು ನೆಮ್ಮದಿಯಾಗಬೇಡಿ. ಕೆಳಗೆ ತುಕ್ಕು ಆಗಲೇ ಇದ್ದರೆ ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಬಾಗಿಲಿನ ಕೆಳಅಂಚು ಮತ್ತು ಸಿಲ್‌ನ (ಬಾಗಿಲ ಕೆಳಗಿನ ಹೊಸ್ತಿಲು) ನೀರು ಹೋಗುವ ತೂತುಗಳನ್ನು ತೆಳು ತಂತಿಯಿಂದ ಬಿಡಿಸಿ, ಒಣಗಿದ ಮೇಲೆ ಉದ್ದ ಕೊಳವೆಯ ಸ್ಪ್ರೇನಿಂದ ಕ್ಯಾವಿಟಿ ವ್ಯಾಕ್ಸ್ (ಟೊಳ್ಳಿನೊಳಗೆ ತುಕ್ಕು ತಡೆಯುವ ಮೇಣ) ಹೊಡೆಸಬೇಕು. ವ್ಯಾಕ್ಸ್ ಆದ ಮೇಲೆ ತೂತು ಮತ್ತೆ ತೆರೆದಿದೆಯೇ ಎಂದು ನೋಡುವುದು ಮುಖ್ಯ. ಮಂಗಳೂರು, ಉಡುಪಿ, ಕಾರವಾರದಂಥ ಕಡೆ ಪ್ರತಿವರ್ಷ ಮಳೆಗಾಲಕ್ಕೆ ಮೊದಲು. ಒಳನಾಡಿನಲ್ಲಿ ಎರಡು ವರ್ಷಕ್ಕೊಮ್ಮೆ ಸಾಕು.

ಎಂಜಿನ್ ಆಯಿಲ್ ಬದಲಿಸಲು ಕಂಪನಿ 10,000 ಕಿ.ಮೀ. ಅನ್ನುತ್ತದೆ, ನಾನು 7,500ಕ್ಕೆ ಅಥವಾ ವರ್ಷಕ್ಕೆ ಬದಲಿಸುತ್ತೇನೆ. ಏಕೆಂದರೆ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಒತ್ತಡದಿಂದ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೆ ಬದಲಿಸದಿದ್ದರೆ ಬ್ರೇಕ್ ಒತ್ತುವ ಕ್ಯಾಲಿಪರ್ ಒಳಗೆ ತುಕ್ಕು. ಟ್ಯಾಂಕು ಕಾಲು ಭಾಗಕ್ಕಿಂತ ಇಳಿಯಲು ಬಿಡಬೇಡಿ, ಒಳಗಿನ ಪಂಪು ತಣ್ಣಗಿರುವುದು ಪೆಟ್ರೋಲಿನಿಂದಲೇ. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ಇಂಧನದ ರಬ್ಬರ್ ಹೋಸು, ಓ-ರಿಂಗುಗಳ ಮೇಲೂ ಕಣ್ಣಿಡಬೇಕು. ಬ್ರೆಜಿಲ್‌ನಲ್ಲಿ ಎಟಿಯೋಸ್ ಎಥನಾಲಿನಲ್ಲೂ ಓಡುವಂತೆ ತಯಾರಾಗಿತ್ತು ನಿಜ. ಹಾಗೆಂದು ನಮ್ಮ ಗಾಡಿಯಲ್ಲೂ ಅದೇ ರಬ್ಬರ್ ಇದೆಯೆಂದು ನಂಬಿ ಕೂರುವಂತಿಲ್ಲ. ಹೋಸು ಬಿರುಕು ಬಿಟ್ಟರೆ, ಉಬ್ಬಿದರೆ ತಡಮಾಡದೆ ಬದಲಿಸಿ.

ಬಿಡಿಭಾಗ ಕೂಡಿಡುವಾಗ ಬುಷ್, ಮೌಂಟ್, ಬೆಲ್ಟ್, ಟೈರ್ ಬೇಡ. ರಬ್ಬರ್ ಅಟ್ಟದ ಮೇಲೆ ಕೂತೇ ಸಾಯುತ್ತದೆ. ಕೂಡಿಡಬೇಕಾದದ್ದು ಹೆಡ್‌ಲೈಟ್ ಜೋಡಿ, ಗಾಜು ಎತ್ತುವ ಮೆಷಿನ್, ಬಾಗಿಲ ಲಾಕು, ಇಗ್ನಿಷನ್ ಕಾಯಿಲ್, ಥ್ರಾಟಲ್ ಬಾಡಿ. ಇವೆಲ್ಲಕ್ಕಿಂತ ಮುಖ್ಯ ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ, ಅಂದರೆ ಇಸಿಎಂ. ಗುಜರಿಯಿಂದ ತರುವಾಗ ಅದೇ ಕಾರಿನ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಡಬ್ಬಿ ಮತ್ತು ಬೀಗದ ಕೈ ಸಮೇತ ತನ್ನಿ. ಜೋಡಿ ತಪ್ಪಿದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಪಾರ್ಟ್ ನಂಬರ್ ಪೂರ್ತಿ ಹೊಂದಬೇಕು, ಡೀಸೆಲ್ಲಿನದು ನಡೆಯದು.

ಕಾಗದದ ಮಾತು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಫಾರಂ 25ರಲ್ಲಿ ಐದೈದು ವರ್ಷಕ್ಕೆ ನವೀಕರಣ. ಶುಲ್ಕ 5,000 ರೂಪಾಯಿ. 2025ರ ಆಗಸ್ಟ್ ತಿದ್ದುಪಡಿಯ ಪ್ರಕಾರ 20 ವರ್ಷ ದಾಟಿದ ಕಾರಿಗೆ 10,000, ಹಸಿರು ತೆರಿಗೆ ಬೇರೆ. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ನವೀಕರಣದ ಫಿಟ್‌ನೆಸ್ ತಪಾಸಣೆಗೆ (ಎಫ್‌ಸಿ) ಹೋಗುವ ಮುಂಚೆ ಬಾಕಿ ಚಲನ್ ಕಟ್ಟಿ, ಚಾಸಿಸ್ ನಂಬರ್ ಕೊರೆದ ಜಾಗವನ್ನು ಮೆತ್ತನೆಯ ಬ್ರಷ್‌ನಿಂದ ಉಜ್ಜಿ ಅಂಕಿಗಳು ಓದಲು ಬರುವಂತಿವೆಯೇ ನೋಡಿ. ಮರಳು ಕಾಗದ ತಾಗಿಸಬೇಡಿ. ತಿದ್ದಿದ ಹಾಗೆ ಕಂಡರೆ ಇನ್‌ಸ್ಪೆಕ್ಟರ್ ಗಾಡಿಯನ್ನು ತಡೆದು ನಿಲ್ಲಿಸಬಹುದು. ಉಜ್ಜಿದ ಮೇಲೆ ತೆಳ್ಳಗೆ ಗ್ರೀಸ್ ಸವರಿದರೆ ಮುಂದಿನ ನವೀಕರಣದವರೆಗೆ ತುಕ್ಕು ಹತ್ತುವುದಿಲ್ಲ.